ಕೆಂಬಾರೆ ತೋಟದ ಬೋಗಯ್ಯ

ಬೈರಲಿಂಗನ ಮನೆಯವರನ್ನು ಊರು ತಲೆತಲಾಂತರದಿಂದ ‘ಕೆಂಬಾರೆ ತೋಟದವರು’ ಎಂದೇ ಕರೆಯುತ್ತಿತ್ತು. ಹಾಗಿದ್ದ ಮೇಲೆ ಮುತ್ತಜ್ಜ ಬೋಗಯ್ಯ ಆ ಕಾಫಿ ತೋಟದ ಮಾಲೀಕನಲ್ಲದೆ ಇನ್ನೇನು? ಮಗಳ ಲಗ್ನಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸುತ್ತೇನೆಂದಾಗ ಬೀಗರು ನಕ್ಕಿದ್ದರು. ಆ ನಗುವಿಗೆ ಉತ್ತರ ಕೊಡಲು ಇವತ್ತು ಅವರನ್ನೇ ಕರೆದುಕೊಂಡು, ಆರನೆಯ ಸಲ ದಾಖಲೆ ಕೋಣೆಗೆ ಬಂದಿದ್ದ.

“ಜನಗಣತಿ ಪುಸ್ತಕದಲ್ಲಿ ಬೋಗಯ್ಯ ಇಲ್ಲ, ಜಮೀನಿನ ರಿಜಿಸ್ಟರಲ್ಲೂ ಇಲ್ಲ,” ಎಂದಳು ಗುಮಾಸ್ತೆ.

“ಹುಳ ತಿಂದಿರೋ ಪುಸ್ತಕ ಇಟ್ಕೊಂಡು ನಮ್ಮ ಮುತ್ತಜ್ಜನ್ನೇ ಇಲ್ಲ ಅಂತೀಯೇನಮ್ಮ? ನೂರು ಎಕರೆ ಆಳಿದೋನು!”

“ಕೂಗಾಡ್ಬೇಡಿ ಯಜಮಾನ್ರೇ. ಆ ತೋಟದ ಹಳೇ ಉಯಿಲು ಸಿಕ್ಕಿದೆ. ಅದ್ರಲ್ಲಿ ಅವರ ಹೆಸರಿದೆ. ಒಳಗೆ ಬಂದು ನೀವೊಬ್ರೇ ಓದ್ಕೊಳ್ಳಿ.”

“ನಾನ್ಯಾಕೆ ಕದ್ದು ಓದ್ಲಿ? ಗಟ್ಟಿಯಾಗಿ ಓದಮ್ಮ, ಬೀಗ್ರ ಕಿವಿಗೂ ಬೀಳ್ಲಿ!”

ಅವಳು ಒಮ್ಮೆ ಅವನ ಮುಖ ನೋಡಿ, ಓದಿದಳು:

“ಹಿರಿಯ ಮಗನಿಗೆ ತೋಟ ಮತ್ತು ಮನೆ. ಕಿರಿಯ ಮಗನಿಗೆ ಎರಡು ಜೊತೆ ಎತ್ತು, ಒಂದು ತಾಮ್ರದ ಹಂಡೆ, ಜೀತದಾಳು ಬೋಗ.”