ಬಿದ್ದ ಹೊತ್ತು

"ಸಂಜೆ ಆರಕ್ಕೆ ಬಿದ್ಲು ಮೇಡಂ, ಬರ್ಕೊಳ್ಳಿ," ಎಂದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದೀಶ್. ಅಮ್ಮತ್ತಿ ಹತ್ತಿರ ಕೂಲಿಯಾಳುಗಳ ಲೈನ್‌ಮನೆಯ ಜಗಲಿಯಲ್ಲಿ ಕುಳಿತಿದ್ದ ಡಾಕ್ಟರ್ ಉಷಾರಾಣಿ ಪಾರ್ಶ್ವವಾಯು ಅಧ್ಯಯನದ ಫಾರಂನಲ್ಲಿ ಆರು ಎಂದು ಬರೆಯುತ್ತಿದ್ದಂತೆ, ಪಕ್ಕದಲ್ಲಿದ್ದ ಕೂಲಿಯಾಳು ಬೆಳ್ಳಿಯ ಎಡಗೈ ಹಾಳೆಯ ಮೇಲೆ ರಪ್ಪನೆ ಬಿತ್ತು. ಕಾಫಿ ಕೊಯ್ಯುವಾಗ ಕುಸಿದ ದಿನದಿಂದ ಅವಳ ಬಲಗೈಗೆ ಶಕ್ತಿಯಿಲ್ಲ, ಬಾಯಿಗೆ ಮಾತಿಲ್ಲ.

"ಅವ್ಳಿಗೇನೂ ಗೊತ್ತಾಗಲ್ಲ ಮೇಡಂ," ನಂದೀಶ್ ನಕ್ಕ.

"ನೀವೇ ಹೇಳಿ ಬೆಳ್ಳಿ. ಎಷ್ಟು ಗಂಟೆಗೆ?" ಡಾಕ್ಟರ್ ಕೇಳಿದರು. ಬೆಳ್ಳಿ ಐದು ಬೆರಳು ತೋರಿಸಿದಳು. ಮುಷ್ಟಿ ಕಟ್ಟಿ ಮತ್ತೆ ನಾಲ್ಕು ತೋರಿಸಿದಳು. "ಒಂಬತ್ತಾ? ಬೆಳಿಗ್ಗೆ?" ಅವಳು ಹೌದೆಂದು ಜೋರಾಗಿ ತಲೆಯಾಡಿಸಿದಳು.

ನಂದೀಶನ ನಗು ನಿಂತಿತು. "ಬಾಯಿ ಸೊಟ್ಟ ಮಾಡ್ಕೊಂಡು ತೊದಲ್ತಿದ್ಲು. ಕುಡಿದಿದಾಳೆ ಅಂತ ಲೈನಲ್ಲೇ ಮಲಗಿಸಿದ್ವಿ. ಸಂಜೆ ಜೀಪಲ್ಲಿ ಕಳಿಸಿದ್ವಲ್ಲ?"

"ಏಳು ಗಂಟೆಗೆ ಸ್ಕ್ಯಾನ್ ಮಾಡಿದಾಗ ಮೆದುಳಿನ ಒಂದು ಭಾಗ ಆಗಲೇ ಸತ್ತಿತ್ತು," ಉಷಾರಾಣಿ ಸಿಟ್ಟಿನಿಂದ ಹೇಳಿದರು. "ಆವತ್ತು ಆಸ್ಪತ್ರೇಲೂ ಆರಕ್ಕೆ ಬಿದ್ಲು ಅಂತಾನೇ ಹೇಳಿದ್ರಿ. ಒಂದೇ ಗಂಟೇಲಿ ಇಷ್ಟು ಹೇಗೆ ಅಂತ ನಾವು ತಲೆ ಕೆಡಿಸ್ಕೊಂಡಿದ್ವಿ. ಬೆಳಿಗ್ಗೇನೇ ಕರ್ಕೊಂಡು ಬಂದಿದ್ರೆ ರಕ್ತದ ಗಡ್ಡೆ ಕರಗಿಸೋ ಮದ್ದು ಕೊಡಬಹುದಿತ್ತು ಕಣ್ರೀ!"

ಅವರು ಆರನ್ನು ಹೊಡೆದುಹಾಕಿ ಒಂಬತ್ತು ಬರೆದರು. 'ತಡಕ್ಕೆ ಕಾರಣ' ಎಂಬಲ್ಲಿಗೆ ಪೆನ್ನು ಬಂದಾಗ ನಂದೀಶ್, "ಅದೊಂದು ಬಿಡಿ ಮೇಡಂ, ಸಾಹುಕಾರ್ರು ಬೈತಾರೆ," ಎಂದು ಹಾಳೆಗೆ ಕೈ ಹಾಕಿದ. ಬೆಳ್ಳಿ ಅವನ ಕೈಯನ್ನು ಆಚೆ ತಳ್ಳಿದಳು. ಡಾಕ್ಟರ್ ಕೊನೆಯ ಅಕ್ಷರ ಬರೆದು ಮುಗಿಸುವವರೆಗೂ ಹಾಳೆ ಅಲುಗದಂತೆ ಅದುಮಿ ಹಿಡಿದಳು.