ಹಳೆಯ ಟೈರು

"ಹಳೇ ಟೈರ್ ತಂದಿಯೇನು?" ಸಂಗಯ್ಯ ಕೇಳಿದ. ಮುಖ ಎತ್ತಲಿಲ್ಲ.

"ಇಲ್ರಿ."

"ಹಂಗಾದ್ರ ಹೊಸಾದು ಸಿಗೂದಿಲ್ಲ."

ಡ್ರೈವರ್ ಜಾಫರಸಾಬ ದವಾಖಾನೆಯ ಸ್ಟೋರಿನ ಬಾಗಿಲಲ್ಲಿ ನಿಂತಿದ್ದ. ಮೂರು ವಾರದಿಂದ ಇಬ್ಬರ ನಡುವೆ ಇದೇ ಮಾತು, ಇದೇ ಜವಾಬು. ಆದರೆ ಇವತ್ತು ಪಕ್ಕದ ಹೆರಿಗೆ ಖೋಲಿಯಲ್ಲಿ ನರಳುತ್ತಿದ್ದವಳು ಸಂಗಯ್ಯನ ಸ್ವಂತ ಮಗಳು ಗುರುಲಿಂಗವ್ವ.

ಇಳಕಲ್ ರಸ್ತೆಯ ಆ ಸಣ್ಣ ಸರ್ಕಾರಿ ದವಾಖಾನೆಗೆ ಇದ್ದದ್ದು ಒಂದೇ ಆಂಬುಲೆನ್ಸು. ಕೂಡಲಸಂಗಮ ಕ್ರಾಸಿನ ಹತ್ತಿರ ಅದರ ಟೈರು ಸಿಡಿದಿತ್ತು. ಸ್ಟೆಪ್ನಿ ಅದಕ್ಕೂ ಮೊದಲೇ ಹೋಗಿತ್ತು. ಜಾಫರಸಾಬ ಹರಿದ ಟೈರನ್ನು ರಸ್ತೆಬದಿ ಬಿಸಾಕಿ, ಎತ್ತು ಕಟ್ಟಿಸಿ ಗಾಡಿ ಎಳೆಸಿಕೊಂಡು ಬಂದ. ಅದೇ ಅವನು ಮಾಡಿದ ತಪ್ಪು. ಸರ್ಕಾರಿ ಸ್ಟೋರಿನ ಕಾಯ್ದೆ ಎಲ್ಲರಿಗೂ ಗೊತ್ತಿದ್ದದ್ದೇ: ಹಳೆಯದನ್ನು ಒಪ್ಪಿಸದೆ ಹೊಸದು ಹೊರಗೆ ಬರುವಂತಿಲ್ಲ. ಸುಟ್ಟ ಬಲ್ಬು ತಂದರೆ ಬಲ್ಬು, ತೂತುಬಿದ್ದ ಬಕೀಟು ತಂದರೆ ಬಕೀಟು. ಅಂದಿನಿಂದ ಆಂಬುಲೆನ್ಸು ಬೇವಿನ ಮರದ ಕೆಳಗೆ ಒಂದು ಕಾಲನ್ನು ಕಲ್ಲಿನ ಮೇಲೆ ಊರಿ ನಿಂತಿತ್ತು.

ಸಂಗಯ್ಯ ಪುಕ್ಕಲ ಮನುಷ್ಯ. ಅದಕ್ಕೆ ಕಾರಣವೂ ಇತ್ತು. ಅವನಿಗಿಂತ ಮೊದಲಿದ್ದ ಸ್ಟೋರ್‌ಕೀಪರ್ ಬಂಡೆಪ್ಪ ಲೆಕ್ಕದಲ್ಲಿ ಎರಡು ಕಂಬಳಿ ಕಡಿಮೆ ಬಿದ್ದದ್ದಕ್ಕೆ ನೌಕರಿ ಕಳೆದುಕೊಂಡು, ಈಗ ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಿದ್ದ. ಅವನನ್ನು ಕಂಡಾಗಲೆಲ್ಲ ಸಂಗಯ್ಯ ಬಸ್‌ಸ್ಟ್ಯಾಂಡಿನ ಇನ್ನೊಂದು ಬದಿಗೆ ಸರಿದು ಹೋಗುತ್ತಿದ್ದ.

ಸ್ಟೋರಿನ ಹೊಸ ಟೈರುಗಳು ಮಾರ್ಚ್ ಕೊನೆಯ ಖರೀದಿ. ಬಂದ ಅನುದಾನದಲ್ಲಿ ಒಂದು ಪೈಸೆಯೂ ವಾಪಸು ಹೋಗದಂತೆ ಖರ್ಚು ಮಾಡಿ, ದವಾಖಾನೆಯ ಹಿಂದಿನ ಸಾಹೇಬರು ಭೇಷ್ ಅನ್ನಿಸಿಕೊಂಡು, ಬಡ್ತಿ ಪಡೆದು ಧಾರವಾಡಕ್ಕೆ ಹೋಗಿದ್ದರು. ಹುಬ್ಬಳ್ಳಿ ವ್ಯಾಪಾರಿಯ ಬಿಲ್ಲಿನ ಮೇಲೆ 'ಮಾಲು ಮುಟ್ಟಿದೆ' ಎಂದು ಸಂಗಯ್ಯನೇ ಸಹಿ ಹಾಕಿದ್ದ. ಆವತ್ತಿನಿಂದ ಸ್ಟೋರಿನ ಹಿಂದಿನ ಖೋಲಿಗೆ ಎರಡು ಬೀಗ, ಕೀಲಿ ಅವನ ಉಡದಾರಕ್ಕೆ. ಕಸ ಗುಡಿಸಲಿಕ್ಕೂ ಜವಾನನನ್ನು ಬಿಡುತ್ತಿರಲಿಲ್ಲ. ದಿನಾ ತಾನೇ ಕಸಬರಿಗೆ ಹಿಡಿದು ಒಳಗೆ ಹೋಗುವನು, ಬೀಗ ಜಡಿದು ಹೊರಗೆ ಬರುವನು. ಆಮೇಲೆ ರಸ್ತೆಗೆ ಬಂದು, ನಿಂತ ಲಾರಿಗಳನ್ನೆಲ್ಲ ಯಾವ ಊರಿಂದ ಬಂದಿರಿ ಎಂದು ವಿಚಾರಿಸುವನು. ಅಳಿಯ ಹುಬ್ಬಳ್ಳಿಯಲ್ಲಿದ್ದ, ಅವನ ದಾರಿ ಕಾಯುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ನರ್ಸ್ ನೀಲಾಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಡಾಕ್ಟರು ಊರಲ್ಲಿರಲಿಲ್ಲ.

"ಕೂಸು ಅಡ್ಡ ಆಗೇತ್ರಿ. ಇಲ್ಲಿ ಆಗೂ ಕೆಲಸಲ್ಲ. ಬಾಗಲಕೋಟಿಗೆ ಒಯ್ಯಬೇಕು, ಹೊತ್ತು ಮುಳುಗೂದ್ರಾಗ."

"ಚಕ್ಕಡಿ ಹೂಡಸ್ತೇನಿ," ಸಂಗಯ್ಯ ತಟ್ಟನೆ ಎದ್ದ.

"ಚಕ್ಕಡ್ಯಾಗ ಹಾಕಿದ್ರ ದಾರ್ಯಾಗ ಹೋಗ್ತಾಳ. ದವಾಖಾನಿ ಮುಂದ ಗಾಡಿ ಇಟ್ಕೊಂಡು ಚಕ್ಕಡಿ ಅಂತೀರಲ್ಲ?"

ಅವನ ಹೆಂಡತಿ ಗುರುಸಿದ್ದವ್ವ ಗೋಡೆಗೆ ಒರಗಿ ಕೂತಿದ್ದಳು. "ನಿಮ್ಮ ಮಗಳರಿ ಅಕಿ," ಎಂದಳು. ದನಿ ಏರಿಸಲಿಲ್ಲ. "ಮಗಳಿಗಿಂತ ಕಾಯ್ದೆ ದೊಡ್ಡದಾತೇನ್ರಿ?"

ಸಂಗಯ್ಯ ಉಡದಾರದ ಕೀಲಿಯ ಮೇಲೆ ಕೈ ಇಟ್ಟುಕೊಂಡ.

"ಬೀಗ ಮುರೀಲೇನ್ರಿ?" ಜಾಫರಸಾಬ ಜ್ಯಾಕಿನ ಸಲಾಕೆ ಎತ್ತಿದ. "ಕೇಳಿದ್ರ ನನ್ನ ಹೆಸರು ಹೇಳ್ರಿ. ನೌಕರಿ ಹೋದ್ರ ನಂದು ಹೋಗಲಿ."

ಸಂಗಯ್ಯ ಓಡಿಹೋಗಿ ಹಿಂದಿನ ಖೋಲಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಜಾಫರ, ನಿನ್ನ ಕಾಲು ಬೀಳ್ತೇನಿ. ಬಾಗಿಲಾ ಮುಟ್ಟಬ್ಯಾಡ."

ಅವನ ಕಣ್ಣಲ್ಲಿ ನೀರು ನೋಡಿ ಜಾಫರಸಾಬ ಸಲಾಕೆ ಇಳಿಸಿದ. ಎಂಥಾ ಮನುಷ್ಯ ಇವನು! ನೀಲಾಬಾಯಿ ಅಸಹ್ಯದಿಂದ ಮುಖ ತಿರುಗಿಸಿ ಒಳಗೆ ಹೋದಳು.

ಸಂಗಯ್ಯ ರಸ್ತೆಯ ನಟ್ಟನಡುವೆ ನಿಂತು ಕೈ ಚಾಚಿದ. ಮಧ್ಯಾಹ್ನದ ಬಸ್ಸು ಹೋಗಿಯಾಗಿತ್ತು. ಕಲ್ಲು ತುಂಬಿದ ಲಾರಿಯೊಂದು ಹಾರನ್ ಬಡಿದು ದಾಟಿಹೋಯಿತು. ಅದರ ಹಿಂದೆ ಬಂದ ಹಾಲಿನ ಯಾಕೂಬಸಾಬ ಸೈಕಲ್ ನಿಲ್ಲಿಸಿ, ಬೇವಿನ ಮರದ ಕಡೆ ನೋಡಿ, "ಆ ಗಾಡಿ ಟೈರ್ ಕ್ರಾಸಿನ ಹೊಟೇಲ ಮುಂದ ತೂಗಾಡತೈತಲ್ರಿ," ಎಂದ. ಜಾಫರಸಾಬ ಮುಂದಿನ ಮಾತು ಕೇಳಲಿಲ್ಲ. ಹಾಲಿನ ಕ್ಯಾನು ಇಳಿಸಿ, ಅದೇ ಸೈಕಲ್ ಹತ್ತಿ ಹೊರಟುಬಿಟ್ಟ.

"ಜಾಫರ, ನಿಂದರು!" ಸಂಗಯ್ಯ ಕೂಗಿದ. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ.

ಎಲ್ಲರೂ ಕಾದರು. ಒಳಗೆ ಗುರುಲಿಂಗವ್ವನ ದನಿ ಮೊದಲು ಏರಿತು, ಆಮೇಲೆ ಇಳಿಯತೊಡಗಿತು. ಇಳಿದದ್ದೇ ಹೆದರಿಕೆ ಹುಟ್ಟಿಸುವಂತಿತ್ತು. ಸಂಗಯ್ಯ ಮತ್ತೆ ಎರಡು ಸಲ ಚಕ್ಕಡಿಯ ಮಾತೆತ್ತಿದ. ಎರಡು ಸಲವೂ ಹೆಂಡತಿ ಅವನ ಮುಖ ನೋಡದೆ, "ಜಾಫರಣ್ಣ ಬರ್ತಾನ ತಡೀರಿ," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಜಾಫರಸಾಬ ಬಂದ. ಕ್ಯಾರಿಯರಿನ ಮೇಲೆ ಟೈರು. ಅದರ ಮೈಮೇಲೆ ಸುಣ್ಣದಲ್ಲಿ 'ಚಹಾ ತಯಾರದ' ಎಂದು ಬರೆದಿತ್ತು. ಗುರುಸಿದ್ದವ್ವ ಎದ್ದು ಕೈಮುಗಿದಳು. ಎಷ್ಟೋ ಹೊತ್ತಿನ ಮೇಲೆ ಅವಳ ಮುಖದಲ್ಲಿ ಜೀವ ಬಂದಿತ್ತು.

"ನಂಬರ್ ನೋಡಬೇಕು," ಎಂದ ಸಂಗಯ್ಯ.

"ನೋಡ್ರಿ."

ಬೆರಳಿನಿಂದ ಸುಣ್ಣ ಉಜ್ಜಿ ನೋಡಿದ. ನಂಬರ್ ರಿಜಿಸ್ಟರಿನಲ್ಲಿದ್ದದ್ದೇ ಆಗಿತ್ತು. ಮತ್ತೊಮ್ಮೆ ನೋಡಿದ. ಇನ್ನು ಹೇಳಲಿಕ್ಕೆ ಕಾಯ್ದೆಯಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಜಾಫರಸಾಬ ಗಾಳಿ ಹಾಕುವ ಪಂಪು ಹಿಡಿದು ಹಿಂದೆಯೇ ಬಂದ. ಸಂಗಯ್ಯ ಉಡದಾರದಿಂದ ಕೀಲಿ ಬಿಚ್ಚಿ ಮೊದಲನೆಯ ಬೀಗ ತೆಗೆದ. ಎರಡನೆಯದಕ್ಕೆ ಕೀಲಿ ಹಾಕಿ, ತಿರುವದೆ ನಿಂತ.

"ಜಾಫರ," ಎಂದ, ತಿರುಗಿ ನೋಡದೆ. "ಚಕ್ಕಡಿ ಹೂಡಾಕ ಹೇಳು."

"ಈಗ ಯಾಕ್ರಿ ಚಕ್ಕಡಿ? ಟೈರ್ ಸಿಕ್ತಲ್ಲ."

ಸಂಗಯ್ಯ ಎರಡನೆಯ ಬೀಗವನ್ನೂ ತೆಗೆದ, ಬಾಗಿಲು ತೆರೆಯಿತು. ಒಳಗೆ, ಮಾರ್ಚ್‌ನಿಂದ ಅವನು ದಿನಾ ಗುಡಿಸಿಟ್ಟಿದ್ದ ಬರಿಯ ನೆಲದ ಮೇಲೆ ಕಸಬರಿಗೆಯ ಗೆರೆಗಳಷ್ಟೇ ಇದ್ದವು. ಟೈರುಗಳು ಹುಬ್ಬಳ್ಳಿ ಬಿಟ್ಟೇ ಇರಲಿಲ್ಲ.