ಬೈಗುಳದ ಪಾಲು

ಮರದ ಮುಖವಾಡವೊಂದು ಮೈಮೇಲಿನ ಗಂಟೆಗಳನ್ನೆಲ್ಲ ಝಣಗುಟ್ಟಿಸುತ್ತ ಮೆರವಣಿಗೆಯಿಂದ ಹೊರಗೆ ಹಾರಿ ಬಂದು ಕ್ರೆಸೆನ್ಸಿಯಾ ಮುದುಕಿಯ ಮೂಗಿನ ಮುಂದೆಯೇ ನಿಂತಿತು. "ಏನೇ ಮುದುಕಿ, ಈ ವರ್ಷಾನೂ ಚರ್ಚಿನಲ್ಲಿ ಗೊರಕೆ ಹೊಡೆದು ಪಾದ್ರಿಗಳನ್ನ ಹೆದರಿಸಿದೆಯಂತಲ್ಲ!" ಎಂದು ಕೀಚಲು ದನಿಯಲ್ಲಿ ಕೂಗಿತು. ಸುತ್ತಲಿದ್ದವರು ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮುದುಕಿಯೇ. ಆಮೇಲೆ ಮುಖವಾಡ ಪಕ್ಕದಲ್ಲಿದ್ದ ಸೊಸೆ ಫ್ರೌಕೆಯ ಕಡೆ ತಿರುಗಿ, ಮರ್ಯಾದೆಯಿಂದ ಬಾಗಿ, ಅವಳ ಕೈಗೊಂದು ಮಿಠಾಯಿ ಇಟ್ಟು, "ಹಬ್ಬದ ಶುಭಾಶಯ, ಮೇಡಂ" ಎಂದು ಮುಂದೆ ಹೋಯಿತು.

ಮೇಡಂ ಅಂತೆ! ಫ್ರೌಕೆ ಮಿಠಾಯಿಯನ್ನು ಜೇಬಿಗೆ ತುರುಕಿದಳು.

ಚಳಿಗಾಲದ ಕೊನೆಗೆ ವೇಷ ಹಾಕಿ ಕುಣಿಯುವ ಈ ಫಾಸ್ನೆಟ್ ಹಬ್ಬದಲ್ಲಿ ಮುಖವಾಡಕ್ಕೆ ದೊಡ್ಡವರು ಚಿಕ್ಕವರು ಎಂಬುದಿಲ್ಲ. ಮೇಯರನ ಕಿವಿಯನ್ನೂ ಹಿಂಡಿ, ವರ್ಷವಿಡೀ ಅವನು ಮುಚ್ಚಿಟ್ಟಿದ್ದನ್ನು ಬೀದಿಯಲ್ಲಿ ಬಿಚ್ಚಿಡುತ್ತದೆ. ಒಳಗಿರುವುದು ಯಾರೆಂದು ಕೇಳುವಂತಿಲ್ಲ, ಸಿಟ್ಟಾಗುವಂತಿಲ್ಲ. ಬೈಸಿಕೊಂಡವರು ಸಂಜೆ ಬಿಯರ್ ಕುಡಿಯುತ್ತ ಅದನ್ನೇ ಜಂಬದಿಂದ ಹೇಳಿಕೊಳ್ಳುತ್ತಾರೆ. ಉತ್ತರದ ಕಡಲತೀರದಿಂದ ಮದುವೆಯಾಗಿ ಬಂದ ಫ್ರೌಕೆಗೆ ಮಾತ್ರ ಹನ್ನೊಂದು ವರ್ಷದಲ್ಲಿ ಸಿಕ್ಕಿದ್ದು ಬರೀ ಮಿಠಾಯಿ. ಗಂಡ ಗೆಬ್‌ಹಾರ್ಡ್ ಇದ್ದಾಗ ಅದನ್ನೂ ನಗುತ್ತ ತಿಂದಿದ್ದಳು. ಅವನು ತೀರಿಕೊಂಡ ಮೇಲೆ ಅವನ ಕನ್ನಡಕದ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. "ಆ ಊರಲ್ಲಿ ನಿನಗ್ಯಾರಿದ್ದಾರೆ? ಇಲ್ಲಿಗೇ ಬಂದುಬಿಡು" ಎಂದು ಅಣ್ಣ ಮೊಮ್ಮೆ ಫೋನಿನಲ್ಲಿ ದುಂಬಾಲು ಬಿದ್ದಿದ್ದ. ಹಬ್ಬ ಮುಗಿದ ಮಾರನೆಯ ದಿನ, ಅಂದರೆ ನಾಳೆ, ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಿದ್ದಳು. ಯಾರಿದ್ದಾರೆ ಎಂಬ ಪ್ರಶ್ನೆಗೆ ಅವಳಿಗೂ ಉತ್ತರ ಹೊಳೆದಿರಲಿಲ್ಲ.

"ಅತ್ತೆ, ಚಳಿ ಜಾಸ್ತಿ ಆಯ್ತು. ನಾನು ಮನೆಗೆ ಹೋಗ್ತೀನಿ."

"ನಿಲ್ಲೇ. ಕಡಲ ಗಾಳೀಲಿ ಬೆಳೆದವಳಿಗೆ ನಮ್ಮೂರ ಚಳಿ ಯಾವ ಲೆಕ್ಕ?"

"ನಿಂತು ಏನ್ ಮಾಡ್ಲಿ? ಇನ್ನೊಂದು ಮಿಠಾಯಿ ತಗೊಳ್ಳೋದಾ?"

"ನನಗೆ ಕಾಲು ನೋವು. ಹಿಡ್ಕೊಂಡು ನಿಲ್ಲು" ಎಂದು ಮುದುಕಿ ಅವಳ ತೋಳಿಗೆ ಜೋತುಬಿದ್ದಳು. ಕಣ್ಣು ಮಾತ್ರ ಮೆರವಣಿಗೆಯ ಕೊನೆಯಲ್ಲಿತ್ತು.

ಅಲ್ಲಿಂದ ಇನ್ನೊಂದು ಮುಖವಾಡ ಕುಪ್ಪಳಿಸುತ್ತ ಬಂತು. ತಲೆಯ ಹಿಂದೆ ನರಿಬಾಲ, ತುಟಿಯಲ್ಲಿ ತುಂಟ ನಗೆ. ಅತ್ತಿತ್ತ ನೋಡದೆ ನೇರವಾಗಿ ಫ್ರೌಕೆಯ ಬಳಿಗೇ ಬಂದು ಅವಳ ಉಣ್ಣೆ ಟೋಪಿಯನ್ನು ಕಿತ್ತು ಕೋಲಿಗೆ ಸಿಕ್ಕಿಸಿಕೊಂಡಿತು.

"ಏ ಫ್ರೌಕೆ, ಎಲ್ಲಿಗೆ ಓಡ್ತೀಯ? ಗುಡಿಸೋ ಸರದಿ ಬಂದ್ರೆ ಬೀದಿಗೆ ಕಾಣೋ ಮೆಟ್ಟಿಲು ಮಾತ್ರ ಗುಡಿಸ್ತೀಯಂತೆ? ನೆಲಮಾಳಿಗೆ ಮೆಟ್ಟಿಲಿಗೆ ಇಲಿಗಳನ್ನ ಕೆಲಸಕ್ಕೆ ಇಟ್ಕೊಂಡಿದ್ದೀಯಾ?"

ಜನ ಹೋ ಎಂದರು. ಫ್ರೌಕೆಯ ಕಿವಿ ಕೆಂಪಗಾಯಿತು.

"ತಾಳ್ರಪ್ಪ, ಅಸಲು ಕಥೆ ಈಗ ಬರುತ್ತೆ! ನಮ್ಮ ಹೆಂಗಸರು ಭಾನುವಾರ ಸ್ಪೆಟ್ಸ್ಲೆ ಶಾವಿಗೆಗೆ ಹಿಟ್ಟು ಕಲಸಿ, ಹಲಗೆ ಮೇಲೆ ಹರಡಿ, ಎಳೆ ಎಳೆಯಾಗಿ ಕುದಿಯೋ ನೀರಿಗೆ ಕೆರೀತಾರೆ. ಈ ಮಹಾತಾಯಿ? ಅಂಗಡಿ ಪ್ಯಾಕೆಟ್ಟು! ಪ್ಯಾಕೆಟ್ ಸುರಿದು, ಹಲಗೆಗೆ ಒಂಚೂರು ಹಿಟ್ಟು ಬಳಿದು, ಮೂಗಿಗೂ ಒಂಚೂರು ಹಚ್ಕೊಂಡು, 'ಅಯ್ಯೋ ಅತ್ತೆ, ಕೈಯೆಲ್ಲ ಬಿದ್ದುಹೋಯ್ತು' ಅಂತಾಳೆ!"

ನಗೆಯ ಅಬ್ಬರಕ್ಕೆ ಬ್ಯಾಂಡಿನವರು ತಾಳ ತಪ್ಪಿದರು. ಎದುರಿಗಿದ್ದ ಕಟುಕನ ಹೆಂಡತಿ ಒಟಿಲಿಯೆ ಹೊಟ್ಟೆ ಹಿಡಿದುಕೊಂಡು, "ಫ್ರೌಕೆ, ನೀನೂನಾ? ನಾನೊಬ್ಬಳೇ ಅಂದ್ಕೊಂಡಿದ್ನಲ್ಲೇ!" ಎಂದು ಕೂಗಿದಳು. ಅವಳ ಗಂಡ ಬೆಚ್ಚಿಬಿದ್ದು ಹೆಂಡತಿಯ ಮುಖ ನೋಡಿದ.

ಫ್ರೌಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು. ಬೀದಿಯಲ್ಲಿ ಮಾನ ಹೋಗಿದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ನಾನಂತೂ ಬೇರೆ ಕಂಡಿಲ್ಲ. ಎದೆ ತುಂಬಿ ಬಂದು, ಆ ಮುಖವಾಡದ ತಣ್ಣನೆಯ ಕೆನ್ನೆಗೆ ಮುತ್ತಿಟ್ಟು, "ನೀನು ಯಾರಾದ್ರೂ ಆಗಿರು, ದೇವರು ನಿನಗೆ ಒಳ್ಳೇದು ಮಾಡ್ಲಿ" ಎಂದಳು.

"ಮೊದಲು ನೀನು ಒಳ್ಳೇ ಅಡಿಗೆ ಮಾಡು" ಎಂದು ಮುಖವಾಡ ಟೋಪಿಯನ್ನು ಅವಳ ತಲೆಗೆ ಹಿಂದುಮುಂದಾಗಿ ಸಿಕ್ಕಿಸಿ ಹೊರಟುಹೋಯಿತು.

ಗಂಟೆಗಳ ಸದ್ದು ತಿರುವಿನಲ್ಲಿ ಮರೆಯಾಯಿತು. ಆಮೇಲೆ ಮುದುಕಿ ಎತ್ತಲೋ ನೋಡುತ್ತ ಕೇಳಿದಳು: "ನಿಮ್ಮಣ್ಣಂಗೆ ನಾಳೆ ಏನಂತೀಯ?"

"ಬರಲ್ಲ ಅಂತೀನಿ."

ತೋಳಿನ ಮೇಲಿದ್ದ ಮುದುಕಿಯ ಹಿಡಿತ ಬಿಗಿಯಾಯಿತು. ಇಬ್ಬರೂ ಮನೆಯ ಕಡೆ ನಡೆದರು. ದಾರಿಯಲ್ಲಿ ಫ್ರೌಕೆಗೆ ಥಟ್ಟನೆ ಹೊಳೆಯಿತು. ಪ್ಯಾಕೆಟ್ಟನ್ನು ಅವಳು ಪ್ರತಿಸಲವೂ ಆಲೂಗಡ್ಡೆ ಸಿಪ್ಪೆಯ ಅಡಿಯಲ್ಲಿ ಹೂತಿಡುತ್ತಿದ್ದಳು. ಆ ಕಸದ ಡಬ್ಬಿ ಮುಟ್ಟುವವರು ಮನೆಯಲ್ಲಿ ಇನ್ನೊಬ್ಬರೇ.

"ಅತ್ತೆ, ಆ ನರಿಬಾಲದವನಿಗೆ ಹೇಳಿಕೊಟ್ಟಿದ್ದು ನೀವೇ ತಾನೆ?"

"ಮತ್ತಿನ್ಯಾರು? ನೀನು ಬಂದ ವರ್ಷದಿಂದ್ಲೇ ಗೊತ್ತು ನನಗೆ."

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

ಮುದುಕಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು.

"ನೆಂಟರ ಮಾನ ಕಾಪಾಡ್ಬೇಕು ಕಣೇ. ಬೀದಿಗೆ ಹಾಕೋದು ಮನೇವರ ಮಾನಾನ."